ವಾರ್ಡಿನ ಗಾಳಿ, ದಾದಿಯ ಎದೆ

ಪಿ.ಯು.ಸಿ. ಫಲಿತಾಂಶ ಬಂದ ಮೇಲಿನ ಕೆಲವು ವಾರ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಎಲ್ಲರಿಗೂ ಗೊತ್ತಿರುವುದೇ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ, ಮಗ ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಸೇರುತ್ತಾನೆ, ಪಕ್ಕದ ಮನೆಯ ಹುಡುಗನಿಗೆ ಎಂ.ಬಿ.ಬಿ.ಎಸ್. ಆಯಿತಂತೆ. ಕಾಲೇಜು ನೋಡಲು ಹೋದ ತಂದೆ ತಾಯಿ ಶುಲ್ಕ ಎಷ್ಟೆಂದು ಕೇಳುತ್ತಾರೆ. ಹಾಸ್ಟೆಲಿನ ಊಟ, ನೀರು, ಕಾವಲು ಹೇಗಿದೆ ಎಂದು ವಿಚಾರಿಸುತ್ತಾರೆ. ಮುಂದೆ ಕೆಲಸ ಸಿಗುವುದೇ, ವಿದೇಶಕ್ಕೆ ಹೋಗಲು ದಾರಿ ಇದೆಯೇ ಎಂದೂ ಕೇಳುತ್ತಾರೆ. ಒಂದು ಪ್ರಶ್ನೆಯನ್ನು ಮಾತ್ರ ಕೇಳುವವರು ಅಪರೂಪ: ನಮ್ಮ ಮಗು ಇನ್ನು ಮೂರು ನಾಲ್ಕು ವರ್ಷ ಎಂಥ ಗಾಳಿಯಲ್ಲಿ ಉಸಿರಾಡಲಿದೆ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 2007ರಲ್ಲಿ 436 ನರ್ಸಿಂಗ್ ವಿದ್ಯಾರ್ಥಿಗಳಿಗೆ ಕ್ಷಯದ ಸೋಂಕು ತಿಳಿಯುವ ಚರ್ಮ ಪರೀಕ್ಷೆ ಮಾಡಲಾಯಿತು. ಅವರಲ್ಲಿ 217 ಮಂದಿಗೆ ಸೋಂಕು ಇರಲಿಲ್ಲ. ಮರುವರ್ಷ ಇವರನ್ನು ಮತ್ತೆ ಪರೀಕ್ಷಿಸಲು ಹೊರಟಾಗ ದೊರೆತ ಲೆಕ್ಕ ಕಣ್ಣು ತೆರೆಸುವಂಥದು. ಒಂದೇ ವರ್ಷದಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಹೊಸದಾಗಿ ಸೋಂಕು ತಗುಲಿತ್ತು. ಆ ಕಾಲಕ್ಕೆ ದೇಶದ ಸರಾಸರಿ ನೂರಕ್ಕೆ ಒಂದೂವರೆ ಎಂದು ಅಂದಾಜು. ಅಂದರೆ ಈ ಹುಡುಗಿಯರ ಅಪಾಯ ಹೊರಗಿನವರಿಗಿಂತ ಐದು ಪಟ್ಟು! ಇವರಲ್ಲಿ ಹೆಚ್ಚಿನವರು 22 ವರ್ಷ ತುಂಬದವರು. ನೂರಕ್ಕೆ ಎಂಬತ್ತು ಮಂದಿಯ ತೋಳಿನಲ್ಲಿ ಬಿ.ಸಿ.ಜಿ. ಲಸಿಕೆಯ ಕಲೆಯೂ ಇತ್ತು.

ವೆಲ್ಲೂರಿನದು ಹೆಸರಾಂತ ಸಂಸ್ಥೆ. ತನ್ನ ವಿದ್ಯಾರ್ಥಿಗಳನ್ನೇ ಪರೀಕ್ಷಿಸಿ, ಬಂದ ಅಂಕಿಯನ್ನು ಮುಚ್ಚಿಡದೆ ಪ್ರಕಟಿಸಿದ್ದು ಅದರ ದೊಡ್ಡತನ. ಲೆಕ್ಕವನ್ನೇ ಇಡದ ಆಸ್ಪತ್ರೆಗಳಲ್ಲಿ ಪರಿಸ್ಥಿತಿ ಹೇಗಿದ್ದೀತು ಎಂಬುದು ಓದುಗರ ಊಹೆಗೆ ಬಿಟ್ಟದ್ದು.

ಸೋಂಕು ಬೇರೆ, ರೋಗ ಬೇರೆ

ಗಾಬರಿಯಾಗುವ ಮೊದಲು ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಕ್ಷಯದ ರೋಗಾಣು ದೇಹದೊಳಕ್ಕೆ ಹೋದ ಕೂಡಲೇ ಮನುಷ್ಯ ಕ್ಷಯರೋಗಿಯಾಗುವುದಿಲ್ಲ. ಬಹುಪಾಲು ಜನರಲ್ಲಿ ದೇಹದ ರಕ್ಷಣಾ ಶಕ್ತಿ ಅದನ್ನು ಕಟ್ಟಿಹಾಕಿ ಕೂರಿಸುತ್ತದೆ. ಅವರಿಗೆ ಕೆಮ್ಮಿಲ್ಲ, ಜ್ವರವಿಲ್ಲ. ಅವರಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಇದು ಸೋಂಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ಮೀರಿದವರಲ್ಲಿ ಮೂರನೇ ಒಂದು ಭಾಗಕ್ಕೆ ಹತ್ತಿರದಷ್ಟು ಜನ ಇಂಥ ಸೋಂಕನ್ನು ಹೊತ್ತು ಆರೋಗ್ಯವಾಗಿ ಓಡಾಡುತ್ತಿದ್ದಾರೆ.

ಸೋಂಕು ತಗುಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೊಮ್ಮೆ ಅದು ರೋಗವಾಗಿ ಎದ್ದೇಳುತ್ತದೆ. ಆದರೆ ಸೋಂಕು ತಗುಲಿದ ಮೊದಲ ಎರಡು ವರ್ಷಗಳಲ್ಲಿ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಊಟ ಸರಿಯಿಲ್ಲದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಎಚ್.ಐ.ವಿ. ಸೋಂಕಿತರಿಗೆ ಅದು ಇನ್ನೂ ಹೆಚ್ಚು. ಹಾಸ್ಟೆಲಿನಲ್ಲಿದ್ದು, ರಾತ್ರಿ ಪಾಳಿ ಮಾಡಿ, ಬೆಳಗಿನ ತಿಂಡಿ ಬಿಟ್ಟು ತರಗತಿಗೆ ಓಡುವ ವಿದ್ಯಾರ್ಥಿನಿಯನ್ನು ಇಲ್ಲಿ ಒಮ್ಮೆ ನೆನೆಯಬೇಕು.

ಚಿಕ್ಕಂದಿನಲ್ಲಿ ಬಿ.ಸಿ.ಜಿ. ಹಾಕಿಸಿದ್ದೇವಲ್ಲ ಎಂದು ಕೆಲವರು ಸಮಾಧಾನ ಪಡಬಹುದು. ಎಳೆಯ ಮಕ್ಕಳನ್ನು ಕ್ಷಯದ ಮಿದುಳುಜ್ವರದಂಥ ಘೋರ ರೂಪಗಳಿಂದ ಅದು ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯದ ಮಾತು ಬೇರೆ. ತಮಿಳುನಾಡಿನ ಚೆಂಗಲ್ಪಟ್ಟು ಪ್ರದೇಶದಲ್ಲಿ 1968ರಲ್ಲಿ ಶುರುವಾದ ಭಾರಿ ಪ್ರಯೋಗದಲ್ಲಿ ಹದಿನೈದು ವರ್ಷ ಕಾದು ನೋಡಿದರೂ ಬಿ.ಸಿ.ಜಿ.ಯಿಂದ ದೊಡ್ಡವರಿಗೆ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. ತೋಳಿನ ಕಲೆಯನ್ನು ನಂಬಿ ವಾರ್ಡಿಗೆ ಹೋಗುವಂತಿಲ್ಲ.

ನಂಬಲು ಹಿಡಿದ ನಲವತ್ತು ವರ್ಷ

ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ ಎದೆಯ ರೋಗಗಳನ್ನು ಕಿವಿಯಿಂದಲೇ ಓದಲು ಜಗತ್ತಿಗೆ ಕಲಿಸಿದವರು. ರೋಗಿಗಳ ಎದೆಗೆ ಕಿವಿಗೊಟ್ಟು, ಶವಗಳನ್ನು ಕೊಯ್ದು ಕ್ಷಯವನ್ನು ಅಭ್ಯಾಸ ಮಾಡಿದ ಅವರು 1826ರಲ್ಲಿ, ಇನ್ನೂ 45ನೇ ವಯಸ್ಸಿನಲ್ಲಿ, ಅದೇ ಕ್ಷಯಕ್ಕೆ ತುತ್ತಾದರು. ಇಂಥ ಉದಾಹರಣೆಗಳಿದ್ದರೂ ಆಸ್ಪತ್ರೆಯ ಕೆಲಸದಿಂದ ಕ್ಷಯ ಬರುತ್ತದೆ ಎಂಬುದನ್ನು ವೈದ್ಯಲೋಕ ಬಹುಕಾಲ ಒಪ್ಪಲಿಲ್ಲ.

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ವಿಚಿತ್ರವೆಂದರೆ ಅದೇ ವರ್ಷ ಲಂಡನ್ನಿನ ಬ್ರಾಂಪ್ಟನ್ ಎದೆರೋಗ ಆಸ್ಪತ್ರೆಯ ವೈದ್ಯರೊಬ್ಬರು, ತಮ್ಮ ಸಿಬ್ಬಂದಿಗೆ ಈ ರೋಗ ಬರುವುದು ಅಪರೂಪ ಎಂದು ವರದಿ ಬರೆದರು. ಆ ಮಾತನ್ನು ಹಿಡಿದುಕೊಂಡು ದಶಕಗಟ್ಟಲೆ ಆಸ್ಪತ್ರೆಗಳು ನಿಶ್ಚಿಂತೆಯಿಂದ ಇದ್ದವು. ದಾದಿ ಕಾಯಿಲೆ ಬಿದ್ದರೆ ಅದು ಆಕೆ ಮನೆಯಿಂದಲೇ ತಂದದ್ದು ಎಂಬ ವಿವರಣೆ ಸಿದ್ಧವಾಗಿರುತ್ತಿತ್ತು.

ಈ ನಂಬಿಕೆಯನ್ನು ಮುರಿದದ್ದು ನಾರ್ವೆಯ ಓಸ್ಲೋ ನಗರ. ಅಲ್ಲಿನ ಉಲ್ಲೆವೋಲ್ ಆಸ್ಪತ್ರೆಯಲ್ಲಿ ಯೋಹಾನೆಸ್ ಹೈಮ್ಬೆಕ್ ಎಂಬ ವೈದ್ಯರು 1924ರಿಂದ ಒಂದು ಸರಳ ಕೆಲಸ ಮಾಡಿದರು. ತರಬೇತಿಗೆ ಸೇರುವ ಪ್ರತಿ ದಾದಿಗೂ ಮೊದಲ ದಿನಗಳಲ್ಲೇ ಚರ್ಮ ಪರೀಕ್ಷೆ ಮಾಡಿ ಬರೆದಿಟ್ಟರು. ಸೇರುವಾಗ ಹೆಚ್ಚು ಕಡಿಮೆ ಅರ್ಧದಷ್ಟು ಹುಡುಗಿಯರಿಗೆ ಸೋಂಕು ಇರಲಿಲ್ಲ. ಮೂರು ವರ್ಷದ ತರಬೇತಿ ಮುಗಿಯುವ ಹೊತ್ತಿಗೆ ಸೋಂಕಿಲ್ಲದವರನ್ನು ಹುಡುಕುವುದೇ ಕಷ್ಟವಾಗಿತ್ತು! ಅಷ್ಟೇ ಅಲ್ಲ, ಮೊದಲೇ ಸೋಂಕಿದ್ದವರಿಗಿಂತ ಸೋಂಕಿಲ್ಲದೆ ಬಂದವರಲ್ಲೇ ರೋಗ ಬಹಳ ಹೆಚ್ಚಾಗಿ ಕಾಣಿಸಿಕೊಂಡಿತು. ರೋಗ ಮನೆಯಿಂದ ಬಂದದ್ದಲ್ಲ, ವಾರ್ಡಿನಿಂದ ಹೋದದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಇಂದಿನ ತಂದೆ ತಾಯಿ ಈ ಕಥೆಯಿಂದ ತಿಳಿಯಬೇಕಾದದ್ದು ಒಂದಿದೆ. ಕ್ಷಯದ ನೆರಳೇ ಬೀಳದ ಮನೆಯಲ್ಲಿ ಬೆಳೆದ ಮಗು ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಸುರಕ್ಷಿತ ಎಂದುಕೊಳ್ಳುವಂತಿಲ್ಲ. ಮೊದಲ ಸೋಂಕಿನ ಏಟು ಅದಕ್ಕೇ ಜೋರು.

ಮಾಳಿಗೆಯ ಮೇಲಿನ ಗಿನಿಪಿಗ್‌ಗಳು

ಸರಿ, ರೋಗ ಹೋಗುವುದು ಹೇಗೆ? ರೋಗಿಯ ತಟ್ಟೆ ಲೋಟದಿಂದಲೇ, ಹಾಸಿಗೆಯಿಂದಲೇ, ಮುಟ್ಟಿದ್ದರಿಂದಲೇ? ಇದಕ್ಕೆ ಖಚಿತ ಉತ್ತರ ಸಿಕ್ಕಿದ್ದು ಅಮೆರಿಕದ ಬಾಲ್ಟಿಮೋರಿನಲ್ಲಿ. 1950ರ ದಶಕದಲ್ಲಿ ವಿಲಿಯಂ ವೆಲ್ಸ್ ಮತ್ತು ರಿಚರ್ಡ್ ರೈಲಿ ಎಂಬ ವಿಜ್ಞಾನಿಗಳು ಆರು ಹಾಸಿಗೆಗಳ ಒಂದು ಕ್ಷಯದ ವಾರ್ಡನ್ನು ಆರಿಸಿಕೊಂಡರು. ಅಲ್ಲಿಂದ ಹೊರಹೋಗುವ ಗಾಳಿಯನ್ನು ಕೊಳವೆಗಳಲ್ಲಿ ಹಾಯಿಸಿ ಮೇಲಿನ ಮಾಳಿಗೆಯಲ್ಲಿದ್ದ ಗಿನಿಪಿಗ್‌ಗಳ ಗೂಡುಗಳಿಗೆ ಬಿಟ್ಟರು. ಆ ಪ್ರಾಣಿಗಳು ರೋಗಿಗಳನ್ನು ನೋಡಿಲ್ಲ, ಮುಟ್ಟಿಲ್ಲ, ಅವರ ಎಂಜಲು ತಿಂದಿಲ್ಲ. ಗಾಳಿಯನ್ನಷ್ಟೇ ಉಸಿರಾಡಿದವು. ಒಂದರ ಹಿಂದೆ ಒಂದಕ್ಕೆ ಕ್ಷಯ ತಗುಲಿತು. ಆದರೆ ನೇರಳಾತೀತ ಕಿರಣಗಳನ್ನು ಹಾಯಿಸಿದ ಗಾಳಿಯನ್ನು ಉಸಿರಾಡಿದ ಇನ್ನೊಂದು ಗುಂಪಿಗೆ ಏನೂ ಆಗಲಿಲ್ಲ.

ರೋಗಿ ಕೆಮ್ಮಿದಾಗ ಹೊರಬೀಳುವ ಹನಿಗಳಲ್ಲಿ ದೊಡ್ಡವು ನೆಲಕ್ಕೆ ಬೀಳುತ್ತವೆ. ಅತಿ ಸಣ್ಣವು ಗಾಳಿಯಲ್ಲೇ ಒಣಗಿ, ಮಿಲಿಮೀಟರಿನ ಸಾವಿರದ ಒಂದರಿಂದ ಐದು ಭಾಗದಷ್ಟು ಗಾತ್ರದ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ರೋಗಿ ಎದ್ದು ಹೋದ ಮೇಲೂ ಮುಚ್ಚಿದ ಕೋಣೆಯಲ್ಲಿ ಅವನ ಕೆಮ್ಮು ಉಳಿದಿರುತ್ತದೆ. ಆದ್ದರಿಂದ ರೋಗಿಯ ತಟ್ಟೆಯನ್ನು ಬೇರೆ ಇಡುವುದಕ್ಕಿಂತ ಕಿಟಕಿಯನ್ನು ತೆರೆದಿಡುವುದು ದೊಡ್ಡ ಕೆಲಸ.

ಬಾಲ್ಟಿಮೋರಿನ ಪ್ರಯೋಗ ಇನ್ನೊಂದು ಸತ್ಯವನ್ನೂ ಹೊರಗೆಡವಿತು. ಸರಿಯಾದ ಔಷಧ ಪಡೆಯುತ್ತಿದ್ದ ರೋಗಿಗಳಿಂದ ಗಿನಿಪಿಗ್‌ಗಳಿಗೆ ರೋಗ ಹರಡಿದ್ದು ತೀರ ಕಡಿಮೆ. ಔಷಧ ಸಿಗದವರು, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಹೊತ್ತವರು ಹರಡಿದ್ದೇ ಹೆಚ್ಚು.

ಬೆಂಚಿನ ಮೇಲೆ ಕುಳಿತ ಅಪಾಯ

ಇಲ್ಲಿಗೆ ವಿಷಯದ ತಿರುಳಿಗೆ ಬಂದೆವು. ಆಸ್ಪತ್ರೆಯಲ್ಲಿ ಎಲ್ಲರೂ ಹೆದರುವುದು 'ಟಿ.ಬಿ. ವಾರ್ಡ್' ಎಂಬ ಫಲಕಕ್ಕೆ. ಹೆದರಬೇಕಾದದ್ದು ಯಾವ ಫಲಕವೂ ಇಲ್ಲದ ಕೆಮ್ಮಿಗೆ.

ಮದರಾಸಿನಲ್ಲಿ 1956ರಲ್ಲಿ ಶುರುವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸ್ಯಾನಟೋರಿಯಮ್ಮಿನಲ್ಲಿ, ಇನ್ನೊಂದು ಪಾಲಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲೇ ಚಿಕಿತ್ಸೆ ಕೊಟ್ಟರು. ಮನೆಯಲ್ಲೇ ಉಳಿದ ರೋಗಿಗಳಿಂದ ಮನೆಮಂದಿಗೆ ಹೆಚ್ಚು ರೋಗ ಹರಡಲಿಲ್ಲ. ಐದು ವರ್ಷ ಗಮನಿಸಿದರೂ ವ್ಯತ್ಯಾಸ ಕಾಣಲಿಲ್ಲ. ಹರಡುವ ಅನಾಹುತವೆಲ್ಲ ಬಹುಮಟ್ಟಿಗೆ ರೋಗ ಪತ್ತೆಯಾಗುವ ಮೊದಲೇ ನಡೆದುಹೋಗಿರುತ್ತದೆ. ಸರಿಯಾದ ಔಷಧ ಶುರುವಾದರೆ ಕೆಲವೇ ದಿನ ವಾರಗಳಲ್ಲಿ ರೋಗಿಯ ಕೆಮ್ಮಿನ ವಿಷ ಇಳಿಯುತ್ತದೆ.

ಪತ್ತೆಯಾಗುವ ಮೊದಲು ಆ ರೋಗಿ ಎಲ್ಲಿರುತ್ತಾನೆ? ಇದಕ್ಕೆ ಉತ್ತರ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಿಂದಲೇ ಬಂದಿದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಹಳ್ಳಿಯ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಹಳ್ಳಿಗರು ರೋಗವನ್ನು ಅಲಕ್ಷ್ಯ ಮಾಡಿ ಮನೆಯಲ್ಲೇ ಕೂರುತ್ತಾರೆ ಎಂಬ ಪಟ್ಟಣದವರ ಎಣಿಕೆ ಸುಳ್ಳಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಶೀಷೆ ಕೆಮ್ಮಿನ ಔಷಧ!

ಈ ವರದಿಯನ್ನು ಇನ್ನೊಂದು ಕಡೆಯಿಂದ ಓದಿ ನೋಡಿ. ಆ ರೋಗಿಗಳು ಆಸ್ಪತ್ರೆಯ ಸಾಲಿನಲ್ಲಿ ನಿಂತರು, ಬೆಂಚಿನ ಮೇಲೆ ಕುಳಿತರು, ಔಷಧದ ಕಿಟಕಿಯ ಮುಂದೆ ಕೆಮ್ಮಿದರು. ಚೀಟಿ ಬರೆದ ಗುಮಾಸ್ತ, ಜ್ವರ ನೋಡಿದ ದಾದಿ, ನೆಲ ಒರೆಸಿದ ಆಯಾ, ಪಕ್ಕದಲ್ಲಿ ಕೂಸನ್ನೆತ್ತಿ ಕುಳಿತ ತಾಯಿ, ಎಲ್ಲರೂ ಆ ಗಾಳಿಯಲ್ಲೇ ಉಸಿರಾಡಿದರು. ರೋಗಿಗಾದ ಅನ್ಯಾಯವೂ ಸಿಬ್ಬಂದಿಗೆ ಬಂದ ಅಪಾಯವೂ ಒಂದೇ ಬೇರಿನಿಂದ ಹುಟ್ಟಿದವು.

ಪತ್ತೆ ತಡವಾದರೆ ಏನಾಗುತ್ತದೆ ಎಂಬುದನ್ನು ಶ್ರೀಮಂತ ದೇಶಗಳೂ ಕಂಡಿವೆ. 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ನ್ಯೂಯಾರ್ಕ್ ಮತ್ತು ಫ್ಲೋರಿಡಾದ ಆಸ್ಪತ್ರೆಗಳಲ್ಲಿ ಔಷಧಕ್ಕೆ ಬಗ್ಗದ ಕ್ಷಯ ವಾರ್ಡಿನಿಂದ ವಾರ್ಡಿಗೆ ಹರಡಿತು. ಸತ್ತವರಲ್ಲಿ ಆಸ್ಪತ್ರೆಯ ಸಿಬ್ಬಂದಿಯೂ ಇದ್ದರು. 2006ರಲ್ಲಿ ದಕ್ಷಿಣ ಆಫ್ರಿಕದ ಟುಗೆಲಾ ಫೆರಿ ಎಂಬ ಊರಿನ ಗ್ರಾಮೀಣ ಆಸ್ಪತ್ರೆಯ ಸುದ್ದಿ ಜಗತ್ತನ್ನು ಬೆಚ್ಚಿಬೀಳಿಸಿತು. ಬಹುತೇಕ ಯಾವ ಔಷಧಕ್ಕೂ ಜಗ್ಗದ ಕ್ಷಯಕ್ಕೆ ಸಿಕ್ಕಿದ 53 ರೋಗಿಗಳಲ್ಲಿ 52 ಮಂದಿ ತೀರಿಕೊಂಡರು. ಅಲ್ಲೂ ಆಸ್ಪತ್ರೆಯ ನೌಕರರು ಸತ್ತರು.

ನಮ್ಮಲ್ಲಿ ಮಹಾರಾಷ್ಟ್ರದ ಸೇವಾಗ್ರಾಮದ ಮಹಾತ್ಮ ಗಾಂಧಿ ವೈದ್ಯಕೀಯ ಸಂಸ್ಥೆಯಲ್ಲಿ 726 ಸಿಬ್ಬಂದಿಯನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧದಷ್ಟು ಜನರಲ್ಲಿ ಸೋಂಕು ಕಂಡಿತು. ಆಸ್ಪತ್ರೆಯಲ್ಲಿ ಕಳೆದ ವರ್ಷ ಹೆಚ್ಚಿದಷ್ಟೂ ಸೋಂಕಿನ ಸಂಭವ ಹೆಚ್ಚು. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಂದಿ ಭಾರತದಲ್ಲೇ ಇರುವಾಗ ಇದು ಅಚ್ಚರಿಯಲ್ಲ.

ಮೂರು ಸುತ್ತಿನ ಕೋಟೆ

ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ. ಕ್ಷಯವನ್ನು ತಡೆಯಲು ಆಸ್ಪತ್ರೆಗೆ ಮೂರು ಸುತ್ತು ಸಾಕು. ಅಮೆರಿಕದ ಆ ದುರಂತಗಳ ನಂತರ 1994ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಇದನ್ನು ವಿವರವಾಗಿ ಬರೆಯಿತು. ಭಾರತ ಸರ್ಕಾರ 2010ರಲ್ಲಿ ನಮ್ಮ ಆಸ್ಪತ್ರೆಗಳಿಗಾಗಿಯೇ ಮಾರ್ಗಸೂಚಿ ಹೊರಡಿಸಿತು.

ಮೊದಲ ಸುತ್ತು, ಕೆಮ್ಮನ್ನು ಬಾಗಿಲಲ್ಲೇ ಗುರುತಿಸುವುದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿತ ಇರುವವರನ್ನು ಸಾಲಿನಲ್ಲಿ ನಿಲ್ಲಿಸದೆ ಮುಂದಕ್ಕೆ ಕರೆದು, ಬಾಯಿಗೊಂದು ಮಾಸ್ಕ್ ಕೊಟ್ಟು, ಬಯಲು ಗಾಳಿಯಲ್ಲಿ ಕೂರಿಸಿ, ಕಫ ಪರೀಕ್ಷೆಗೆ ಕಳುಹಿಸುವುದು. ಇದಕ್ಕೆ ಹಣಕ್ಕಿಂತ ವ್ಯವಸ್ಥೆ ಮುಖ್ಯ. ಹಿಂದೆ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಈಗ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಯಂತ್ರಗಳು ಒಂದೆರಡು ಗಂಟೆಗಳಲ್ಲಿ ಉತ್ತರ ಹೇಳುತ್ತವೆ. ಔಷಧಕ್ಕೆ ಬಗ್ಗುವುದೋ ಇಲ್ಲವೋ ಎಂಬುದನ್ನೂ ತಿಳಿಸುತ್ತವೆ. ಅಂಥ ಯಂತ್ರಗಳಲ್ಲೊಂದಾದ ಟ್ರೂನ್ಯಾಟ್ ಅನ್ನು ರೂಪಿಸುವುದರಲ್ಲಿ ಬೆಂಗಳೂರಿನ ಪ್ರಯೋಗಾಲಯದ ಪಾಲೂ ಇದೆ ಎಂಬುದು ನಮಗೆ ಹೆಮ್ಮೆಯ ವಿಷಯ.

ಎರಡನೇ ಸುತ್ತು, ಗಾಳಿ ಬೆಳಕು. ಹಿಂದಿನವರು ಇದನ್ನು ಔಷಧವಿಲ್ಲದ ಕಾಲದಲ್ಲೇ ಅರಿತಿದ್ದರು. ಮೈಸೂರಿನಲ್ಲಿ, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ 1921ರಲ್ಲಿ ತೆರೆದ ಸ್ಯಾನಟೋರಿಯಂ ಅಂಥ ಕಾಲದ್ದು. ಗಾಳಿ, ಬಿಸಿಲು, ವಿಶ್ರಾಂತಿ, ಒಳ್ಳೆಯ ಊಟ, ಇವೇ ಆಗಿನ ಸ್ಯಾನಟೋರಿಯಂಗಳ ಚಿಕಿತ್ಸೆ. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ಗಾಳಿಯಾಟವನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹಿಂದಿನವರ ಮಾತನ್ನು ಅಂಕಿಯಲ್ಲಿ ಸಾಧಿಸಿತು. ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ ಗಂಟೆಗೆ ಸರಾಸರಿ 28 ಬಾರಿ ಗಾಳಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳ ಲೆಕ್ಕ ಗಂಟೆಗೆ 12. 1950ಕ್ಕೆ ಮುಂಚಿನ, ಎತ್ತರದ ಸೂರು ದೊಡ್ಡ ಕಿಟಕಿಗಳ ಕಟ್ಟಡಗಳೇ ಎಲ್ಲಕ್ಕಿಂತ ಮೇಲಾಗಿದ್ದವು. ನಾವೋ, ಅಂಥ ಹಳೆಯ ಆಸ್ಪತ್ರೆಗಳನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸಿ, ಏರ್ ಕಂಡೀಷನರ್ ಹಾಕಿ ಕಿಟಕಿಗೆ ಬೀಗ ಹಾಕುತ್ತಿದ್ದೇವೆ. ಗೋಡೆಗೆ ಹಾಕುವ ಸಾಮಾನ್ಯ ಏ.ಸಿ. ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಮತ್ತೆ ಸುತ್ತಿಸುತ್ತದೆ. ಅದು ಹೊಸ ಗಾಳಿಯನ್ನು ತರುವುದಿಲ್ಲ.

ಮೂರನೇ ಸುತ್ತು, ಮಾಸ್ಕ್. ಕೋವಿಡ್ ಕಾಲದಿಂದ ಇದರ ಹೆಸರು ಮಕ್ಕಳಿಗೂ ಗೊತ್ತು. ಬಟ್ಟೆಯ ಅಥವಾ ಸಾಮಾನ್ಯ ಆಪರೇಷನ್ ಮಾಸ್ಕ್ ಹಾಕಬೇಕಾದದ್ದು ಕೆಮ್ಮುವವರು. ದಕ್ಷಿಣ ಆಫ್ರಿಕದಲ್ಲಿ ರೋಗಿಗಳಿಗೆ ಇಂಥ ಮಾಸ್ಕ್ ಹಾಕಿಸಿ ಬಾಲ್ಟಿಮೋರಿನ ಪ್ರಯೋಗವನ್ನೇ ಮತ್ತೆ ಮಾಡಿದಾಗ ಸೋಂಕು ಹರಡುವುದು ಅರ್ಧಕ್ಕಿಂತ ಹೆಚ್ಚು ತಗ್ಗಿತು. ಆರೈಕೆ ಮಾಡುವವರಿಗೆ ಬೇಕಾದದ್ದು ಮುಖಕ್ಕೆ ಬಿಗಿಯಾಗಿ ಕೂರುವ ಎನ್-95. ಕಫ ಸಂಗ್ರಹಿಸುವಾಗ, ಶ್ವಾಸನಾಳಕ್ಕೆ ಕೊಳವೆ ಇಳಿಸುವಾಗ, ಶವಪರೀಕ್ಷೆಯಲ್ಲಿ ಅದು ಇರಲೇಬೇಕು. ವೆಲ್ಲೂರಿನ ವಿದ್ಯಾರ್ಥಿಗಳಲ್ಲಿ ಸೋಂಕಿಗೆ ದಾರಿಯಾದ ಕೆಲಸಗಳಲ್ಲಿ ಕಫ ಸಂಗ್ರಹವೂ ಒಂದು. ಆದರೆ ಮಾಸ್ಕ್ ಕೊನೆಯ ಸುತ್ತು ಎಂಬುದನ್ನು ಮರೆಯಬಾರದು. ಮೊದಲೆರಡು ಸುತ್ತು ಬಿದ್ದ ಕೋಟೆಯಲ್ಲಿ ಅದೊಂದರಿಂದಲೇ ರಕ್ಷಣೆ ಸಿಗದು.

ಮುಚ್ಚಿಟ್ಟ ಕೆಮ್ಮು

ಅಪಾಯವಿದೆ ಎಂದು ಮಕ್ಕಳನ್ನು ಈ ವೃತ್ತಿಯಿಂದ ದೂರವಿಡಬೇಕೆ? ಖಂಡಿತ ಬೇಡ. ಕ್ಷಯ ಗುಣವಾಗುವ ರೋಗ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ ಸಾಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಿಜವಾಗಿ ಕೆಡುಕು ಮಾಡುವುದು ಮುಚ್ಚುಮರೆ.

ಮದುವೆಯಾಗದ ಹುಡುಗಿ, ಟಿ.ಬಿ. ಎಂದು ತಿಳಿದರೆ ಸಂಬಂಧ ತಪ್ಪೀತು ಎಂಬ ಭಯ ಮನೆಯವರದು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಭಯ ವಿದ್ಯಾರ್ಥಿನಿಯದು. ಗುತ್ತಿಗೆಯ ಮೇಲಿರುವ ವಾರ್ಡ್ ಹುಡುಗನಿಗೆ ಕೆಲಸವೇ ಹೋದೀತೆಂಬ ಭಯ. ಹೀಗೆ ಕೆಮ್ಮನ್ನು ನುಂಗಿಕೊಂಡು ದುಡಿಯುವವರು ತಮಗೂ ಕೆಡುಕು ಮಾಡಿಕೊಂಡು, ತಾವು ಆರೈಕೆ ಮಾಡುವ ರೋಗಿಗಳಿಗೂ ಹಂಚುತ್ತಾರೆ.

ಕಾನೂನು ಈ ವಿಷಯದಲ್ಲಿ ಕುರುಡಲ್ಲ. ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸದಲ್ಲಿ ತಗುಲುವ ಸಾಂಕ್ರಾಮಿಕ ರೋಗಗಳನ್ನು 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿ ವೃತ್ತಿಜನ್ಯ ರೋಗಗಳ ಸಾಲಿನಲ್ಲೇ ಇಟ್ಟಿತ್ತು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಾಗೆಯೇ ಇಟ್ಟಿದೆ. ಆದರೆ ವಿದ್ಯಾರ್ಥಿ ನೌಕರನಲ್ಲ. ದಾದಿಯಂತೆಯೇ ಪಾಳಿ ಮಾಡಿ, ದಾದಿಯಂತೆಯೇ ಉಸಿರಾಡುವ ವಿದ್ಯಾರ್ಥಿನಿಯ ಹೊಣೆ ಹೊರಬೇಕಾದದ್ದು ಆಕೆಯ ಕಾಲೇಜು. ಆ ಹೊಣೆಯನ್ನು ನೆನಪಿಸಬೇಕಾದವರು ತಂದೆ ತಾಯಂದಿರು.

ಸೇರಿಸುವ ಮುನ್ನ ಕೇಳಿ

* ಸೇರುವಾಗ ಎದೆಯ ಎಕ್ಸ್-ರೇ ಮತ್ತು ಕ್ಷಯ ಸೋಂಕಿನ ಪರೀಕ್ಷೆ ಮಾಡಿ ದಾಖಲೆ ಇಡುತ್ತೀರಾ? ವರ್ಷಕ್ಕೊಮ್ಮೆ ಮತ್ತೆ ನೋಡುತ್ತೀರಾ?
* ವಾರ್ಡಿಗೆ ಕಳುಹಿಸುವ ಮೊದಲು ಗಾಳಿಯಿಂದ ಹರಡುವ ರೋಗಗಳ ಬಗ್ಗೆ ಪಾಠ ಮಾಡುತ್ತೀರಾ?
* ಎನ್-95 ಮಾಸ್ಕ್ ಕೊಡುವವರು ಯಾರು? ವಿದ್ಯಾರ್ಥಿಗಳೇ ಕೊಳ್ಳಬೇಕೆ?
* ಕೆಮ್ಮುವ ರೋಗಿಗಳಿಗೆ ಹೊರರೋಗಿ ವಿಭಾಗದಲ್ಲಿ ಬೇರೆ ಜಾಗ ಇದೆಯೇ? ಕಫವನ್ನು ಬಯಲಲ್ಲಿ ಸಂಗ್ರಹಿಸುತ್ತಾರೆಯೇ, ಮುಚ್ಚಿದ ಕೋಣೆಯಲ್ಲೇ?
* ವಿದ್ಯಾರ್ಥಿಗೆ ಕ್ಷಯ ಬಂದರೆ ಹಾಜರಾತಿಯ ವಿನಾಯಿತಿ ಉಂಟೇ? ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದೇ?

ವಿದ್ಯಾರ್ಥಿಗಳಿಗೂ ಒಂದೆರಡು ಮಾತು. ಎರಡು ವಾರ ಮೀರಿದ ಕೆಮ್ಮು ನಿಮಗೇ ಬಂದರೂ ಕಫ ಪರೀಕ್ಷೆ ಮಾಡಿಸಿ. ಅಂಗಡಿಯ ಕೆಮ್ಮಿನ ಸಿರಪ್ಪಿನಲ್ಲಿ ದಿನ ದೂಡಬೇಡಿ. ಊಟ ಬಿಡಬೇಡಿ. ಹಾಸ್ಟೆಲಿನ ಕಿಟಕಿ ತೆರೆದಿಡಿ. ಚರ್ಮ ಪರೀಕ್ಷೆಯಲ್ಲಿ ಸೋಂಕು ಕಂಡಿತೆಂದು ಕಂಗೆಡಬೇಡಿ. ರೋಗ ಇಲ್ಲವೆಂದು ಖಚಿತಪಡಿಸಿಕೊಂಡು, ತಡೆಗಟ್ಟುವ ಮಾತ್ರೆ ಬೇಕೆ ಬೇಡವೆ ಎಂಬುದನ್ನು ವೈದ್ಯರು ಹೇಳುತ್ತಾರೆ.

ಮುಂದೆ ನೀವು ದಾದಿಯೋ ವೈದ್ಯರೋ ಆಗಿ ಕುಳಿತಾಗ, ಬೆಂಚಿನ ಮೇಲೆ ಕೆಮ್ಮುತ್ತ ಕುಳಿತ ಹಳ್ಳಿಗನಿಗೆ ಬರೀ ಶೀಷೆ ಔಷಧ ಕೊಟ್ಟು ಕಳುಹಿಸಬೇಡಿ. ಅವನ ಕೆಮ್ಮಿನ ಕಾರಣವನ್ನು ಅಂದೇ ಹುಡುಕಿ. ಅದರಿಂದ ಅವನೂ ಬದುಕುತ್ತಾನೆ, ನೀವೂ ಉಳಿಯುತ್ತೀರಿ.